ರುಕ್ಮಿಣಿಯ ನಿರಿಗೆ

ಹಿಮಾಯತ್‌ನಗರದ ಸೀರೆ ಅಂಗಡಿಯಲ್ಲಿ ಇವತ್ತು ಮೀಸೆಯ ಸೇಲ್ಸ್‌ಮನ್ ಒಬ್ಬರು ಪ್ಯಾಂಟಿನ ಮೇಲೆಯೇ ಸೀರೆ ಸುತ್ತಿಕೊಂಡು ನಿರಿಗೆ ಹಿಡಿದು ತೋರಿಸಿದರು. ಸುತ್ತಲಿನವರು ನಕ್ಕರು. ನನಗೆ ಅಜ್ಜ ನೆನಪಾದರು.

ಅಜ್ಜ ಹರೆಯದಲ್ಲಿ ಗದಗಿನ ಕಡೆಯ ನಾಟಕ ಕಂಪನಿಯಲ್ಲಿ ಹೆಣ್ಣುಪಾತ್ರ ಮಾಡಿದವರು, ಆಮೇಲೆ ಅಲ್ಲಿಯೇ ನಾಟಕ ಕಲಿಸಿದವರು. ನಾನು ಕಂಡದ್ದು ಧೋತರ, ಕರಿ ಟೋಪಿಯ ಮುದುಕರನ್ನು. ಆದರೂ ಮನೆಯಲ್ಲಿ ಯಾರಿಗೇ ಸೀರೆ ಉಡಿಸಲಿ, ನಿರಿಗೆ ಅವರೇ ಹಿಡಿಯಬೇಕು. ಕೊನೆಯ ನಿರಿಗೆಯನ್ನು ಹಿಂದಕ್ಕೆ ಮಡಚುತ್ತಿದ್ದರು, ರಂಗದ ದೀಪದ ಬೆಳಕಿಗೆ ಅಂಚು ಎದ್ದು ಕಾಣಲೆಂದು. ಮನೆಯಲ್ಲಿ ಎಲ್ಲಿಯ ರಂಗದೀಪ!

ಸೋದರತ್ತೆಯನ್ನು ನೋಡಲು ಸಿಕಂದರಾಬಾದಿನಿಂದ ಗಂಡಿನವರು ಬಂದ ದಿನವೂ ಅಜ್ಜನೇ ನಿರಿಗೆ ಹಿಡಿದರು. ಮುಗಿದೊಡನೆ ಅಪ್ಪ ಮೆಲ್ಲಗೆ, "ನೀವು ಒಳಗ ಇರ್ರಿ. ಅವರಿಗೆ ನಾಟಕದವರಂದ್ರ ಆಗೂದಿಲ್ಲಂತ," ಎಂದರು. ಅಜ್ಜ ಅಡುಗೆಮನೆಗೆ ಹೋಗಿ ಕುಳಿತರು. ಪಕ್ಕದಲ್ಲಿ ನಾನು, ಬಾಗಿಲ ಸಂದಿಯಿಂದ ನೋಡುತ್ತ.

ಹೊರಗೆ ವರನ ಅಜ್ಜಿಯ ಕಣ್ಣು ಅತ್ತೆಯ ಸೀರೆಯ ಮೇಲೆಯೇ ಇತ್ತು.

"ಈ ನಿರಿಗಿ ಯಾರು ಹಿಡಿದಾರ? ನಾ ಸಣ್ಣಾಕಿ ಇದ್ದಾಗ ನಮ್ಮೂರಿಗೆ ಕಂಪನಿ ಬಂದಿತ್ತು. ಅದರಾಗ ರುಕ್ಮಿಣಿ ಹಿಂಗ ಉಡ್ತಿದ್ಲು. ಆಕೀನ್ನ ನೋಡೇ ನಾವೆಲ್ಲಾ ಉಡೂದು ಕಲ್ತೀವಿ."

ಅಪ್ಪ ಚಹಾದ ಕಪ್ಪಿನಿಂದ ತಲೆ ಎತ್ತಲಿಲ್ಲ. ಅಜ್ಜ ಎದ್ದು ಬಾಗಿಲಿಗೆ ಹೋಗಿ ನಿಂತರು.

"ಆ ರುಕ್ಮಿಣಿ ನಾನಽ ರೀ."

ವರನ ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದು, ಸೆರಗು ಎಳೆದುಕೊಂಡು ಅಜ್ಜನ ಮುಂದೆ ನಿಂತರು.

"ನನ್ನ ನಿರಿಗಿ ಸರಿ ಅದಾವೇನ್ರಿ?"

ಅಂಗಡಿಯಲ್ಲಿ ಸೇಲ್ಸ್‌ಮನ್ ಸೀರೆ ಬಿಚ್ಚಿ ಮಡಿಸುತ್ತಿದ್ದರು. ಅವರ ಮುಂದೆ ನಿಂತು ನಾನೂ ನನ್ನ ನಿರಿಗೆಯನ್ನೊಮ್ಮೆ ಸರಿಮಾಡಿಕೊಂಡೆ.