ಲಗ್ನಪತ್ರಿಕೆಗೆ ನಾನು ಹಾಕಿಸಿದ ಹೊಳಪು

ಅಜ್ಜಂಪುರದ ನನ್ನ ಮುದ್ರಣದ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಲಗ್ನಪತ್ರಿಕೆಗಳ ವಿನ್ಯಾಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆಯುತ್ತಿದ್ದೇನೆ. ಹೈಸ್ಕೂಲು ಮುಗಿಸಿ ಅಚ್ಚಿನ ಮೊಳೆ ಜೋಡಿಸಲು ಸೇರಿದವನು ನಾನು. ಅಕ್ಷರದ ಕೆಲಸ ನನಗೇ ಹೆಚ್ಚು ಗೊತ್ತು ಎಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಆಕೆ ಸಾಲು ಕೂರಿಸುವುದನ್ನು ನೋಡಬೇಕಿತ್ತು. ಕನ್ನಡದ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ. ಅಂತರ ಸಾಲದಿದ್ದರೆ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ನಾನು ಇನ್ನೂ ನಾಲ್ಕು ಹೆಸರು ಹಿಡಿಸಲೆಂದು ಸಾಲುಗಳನ್ನು ಹತ್ತಿರ ತರಿಸುತ್ತಿದ್ದೆ. ಆಕೆ ಪ್ರಿಂಟ್ ತೆಗೆದು ನನ್ನ ಮುಂದೆ ಹಿಡಿದು, "ಕನ್ನಡಕ ತೆಗೆದು ಓದಿ ಸಾರ್, ಅಜ್ಜೀರು ಹಿಂಗೇ ಓದದು" ಎನ್ನುತ್ತಿದ್ದಳು. ಓದಲಾಗುತ್ತಿರಲಿಲ್ಲ. ಬಣ್ಣ ಅಂಚಿನವರೆಗೆ ಬರಬೇಕಾದರೆ ಕತ್ತರಿಸುವ ಗೆರೆಯಿಂದ ಮೂರು ಮಿಲಿಮೀಟರ್ ಆಚೆಗೂ ಅದನ್ನು ಹರಡುತ್ತಿದ್ದಳು. ಅದಕ್ಕೆ ಬ್ಲೀಡ್ ಎನ್ನುತ್ತಾರೆ. ಕಟಿಂಗ್ ಯಂತ್ರ ಒಂದಿಷ್ಟು ಜಾರಿದರೂ ಆಕೆಯ ಪತ್ರಿಕೆಯ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತಿರಲಿಲ್ಲ.

ನಮ್ಮ ಕಡೆ ಪತ್ರಿಕೆ ಹಂಚುವ ಮೊದಲು ನಾಲ್ಕು ಮೂಲೆಗೂ ಕಲಸಿದ ಅರಿಶಿನ ಹಚ್ಚುತ್ತಾರೆ. ಆಕೆಯದು ಬುದ್ಧನ ಮುಂದೆ ಮದುವೆಯಾಗುವ ಮನೆತನ. ಆದರೂ ಆ ಬೆರಳಿನ ಗುರುತಿಗೆ ಮೂಲೆಗಳಲ್ಲಿ ಜಾಗ ಬಿಡಬೇಕೆಂದು ನನಗೆ ಕಲಿಸಿದವಳು ಆಕೆ.

ಚೌಳಹಿರಿಯೂರಿನ ತೆಂಗಿನ ತೋಟದ ಯಜಮಾನರೊಬ್ಬರು ಮಗಳ ಮದುವೆಯ ಪತ್ರಿಕೆ ಮಾಡಿಸಲು ಬಂದರು. ಆಕೆ ಹೊಳಪಿಲ್ಲದ, ಸ್ವಲ್ಪ ಒರಟು ಮೈಯ ಕಾಗದ ಆರಿಸಿದಳು. ನನಗೆ ಅದು ಬಡತನದಂತೆ ಕಂಡಿತು. ಮೇಲೆ ಹೊಳೆಯುವ ಪ್ಲಾಸ್ಟಿಕ್ ಪೊರೆ, ಅಂದರೆ ಲ್ಯಾಮಿನೇಷನ್, ಹಾಕಿಸೋಣ ಎಂದೆ.

"ಬ್ಯಾಡ ಸಾರ್. ಅರಿಶಿನ ಹಿಡಿಯಲ್ಲ. ಒಣಗಿದ್ ಮೇಲೆ ಹಪ್ಪಳದಂಗೆ ಎದ್ ಬರ್ತದೆ."

"ಅರಿಶಿನದ ವಿಷ್ಯ ನೀನ್ ನನಗೆ ಹೇಳ್ಕೊಡ್ತೀಯೇನಮ್ಮ?"

ಆಕೆ ಕಾಗದದ ಮಾದರಿಯನ್ನು ಮೇಜಿನ ಮೇಲಿಟ್ಟು ತನ್ನ ಕೆಲಸಕ್ಕೆ ತಿರುಗಿದಳು. ನಾನೇ ತರೀಕೆರೆಗೆ ಹೋಗಿ ಲ್ಯಾಮಿನೇಷನ್ ಮಾಡಿಸಿ ತಂದೆ.

ವಾರದೊಳಗೆ ಯಜಮಾನರು ಪತ್ರಿಕೆಗಳ ಕಟ್ಟು ಹಿಡಿದು ಬಂದರು. "ಏನ್ರೀ ಇದು, ದೇವರ ಮುಂದೆ ಇಟ್ಟು ಹಚ್ಚಿದ್ ಅರಿಶಿನ ಉದುರ್ತದಲ್ರೀ. ನನ್ ಹೆಂಡ್ತಿ ಊಟ ಬಿಟ್ಟು ಕೂತವ್ಳೆ."

ಆಕೆ ತನ್ನ ಕುರ್ಚಿಯಲ್ಲೇ ಇದ್ದಳು. ನಾನು ಅತ್ತ ಕೈ ತೋರಿಸಿದೆ. "ನನ್ ಒಂದ್ ಮಾತು ಕೇಳ್ದೆ ಮಾಡ್ಸಿದಾಳೆ ಕಣ್ರೀ. ಅವ್ರಿಗೆಲ್ಲ ನಮ್ ಶಾಸ್ತ್ರ ಎಲ್ಲಿ ಗೊತ್ತಾಗ್ಬೇಕು?"

ಆ ಮಾತನ್ನು ಯಜಮಾನರು ತಕ್ಷಣ ನಂಬಿದರು. ನಂಬುತ್ತಾರೆಂದು ಗೊತ್ತಿದ್ದೇ ಆಡಿದ್ದೆ. ಆಕೆ ಅರ್ಧ ಆಗಿದ್ದ ಕೆಲಸವನ್ನು ಉಳಿಸಿಟ್ಟು, ಕಂಪ್ಯೂಟರ್ ಆರಿಸಿ, ಚೀಲ ತೆಗೆದುಕೊಂಡು ಹೊರಟುಹೋದಳು.

ಆಮೇಲೆ ಕಡೂರಿನಲ್ಲಿ ಸ್ವಂತ ಅಂಗಡಿ ಇಟ್ಟಳು. ಬೀರೂರು, ತರೀಕೆರೆಯ ನೆಂಟರಿಂದ ಬರುವ ಪತ್ರಿಕೆಗಳಲ್ಲಿ ಆಕೆಯ ಕೆಲಸವನ್ನು ಹೆಸರು ನೋಡದೆಯೇ ಗುರುತಿಸುತ್ತೇನೆ. ನಾನು ಜೀವಮಾನದಲ್ಲಿ ಅಂಥದ್ದೊಂದು ಮಾಡಲಿಲ್ಲ. ಚೌಳಹಿರಿಯೂರಿನ ಕಡೆಯವರು ಮಾತ್ರ ಆಕೆಯ ಅಂಗಡಿಗೆ ಹೋಗುವುದಿಲ್ಲ. ಆ ಕೈಗೆ ಅರಿಶಿನ ನಿಲ್ಲುವುದಿಲ್ಲ ಎಂಬ ಮಾತು ಅಲ್ಲಿ ಇಂದಿಗೂ ಇದೆ.

ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು ಕಡೂರಿಗೆ ಹೋಗಿ ತಪ್ಪೊಪ್ಪಿಕೊಂಡೆ. ಆಕೆ ಕುರ್ಚಿ ಕೊಟ್ಟು ಪೂರ್ತಿ ಕೇಳಿದಳು.

"ನನಗ್ ಯಾಕೆ ಹೇಳ್ತೀರಾ ಸಾರ್? ನನಗ್ ಗೊತ್ತಿರದೇ ಅಲ್ವ? ಗೊತ್ತಿಲ್ದೋರ್ಗೆ ಹೋಗಿ ಹೇಳಿ."

ಮರುದಿನ ಚೌಳಹಿರಿಯೂರಿನ ಬಸ್ಸು ಹತ್ತಿದೆ. ಯಜಮಾನರು ಜಗಲಿಯಲ್ಲಿ ಕೂತಿದ್ದರು. ನಿಂತೇ ಹೇಳಿದೆ.

"ಇಬ್ರಿಗೂ ಹಲ್ಲು ಹೋದ್ ಮೇಲೆ ಬಂದ್ ಹೇಳ್ತಿದೀರಲ್ರೀ. ನಾನ್ ಊರೆಲ್ಲ ಸಾರ್ಕಂಡ್ ಬಂದಿದೀನಿ." ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. "ನಡೀರಿ. ನಾನ್ ಯಾರ್ಯಾರ್ಗೆ ಹೇಳಿದ್ನೋ ಅವ್ರಿಗೆಲ್ಲ ನಿಮ್ ಬಾಯಲ್ಲೇ ಹೇಳಿ. ಪಕ್ಕದಲ್ಲಿ ನಾನ್ ನಿಂತಿರ್ತೀನಿ."

ಮೊದಲ ಮನೆಯಲ್ಲಿ ನಕ್ಕರು. ಎರಡನೆಯ ಮನೆಯ ಹೆಂಗಸು, "ಒಬ್ಬರ ಅನ್ನದ ದಾರಿ ಮುಚ್ಚಿ ಇಷ್ಟ್ ದಿನ ಹೆಂಗ್ ಉಂಡ್ರಿ?" ಎಂದು ಕೇಳಿ ಒಳಗೆ ಹೋದರು. ಮೂರನೆಯ ಮನೆಯಲ್ಲಿ ಮಗನ ಮದುವೆ ಗೊತ್ತಾಗಿತ್ತು. ಕಡೂರಿನ ಅಂಗಡಿಗೆ ದಾರಿ ಬರೆಸಿಕೊಂಡರು. ನಾಲ್ಕನೆಯ ಮನೆಯ ಮುಂದೆ ನನ್ನ ಬಾಯಿ ಒಣಗಿ ಕೂಗಲಾಗಲಿಲ್ಲ. ಯಜಮಾನರೇ ಚಿಲಕ ಬಡಿದರು.