ವಿಡಿಯೊ ಕರೆಗೆ ಕಡೆಯ ಸರದಿ

ಅಥವಾ ಆ ದಿನಕ್ಕೆ ನಾನು ವಿಡಿಯೊ ಕರೆಗಳ ವೇಗಕ್ಕೆ ಮಿತಿ ಹಾಕಿಯೇ ಇರಲಿಲ್ಲವೋ ಏನೋ. ಆಮೇಲೆ ಮಾಡಿದ್ದನ್ನು ನೆನಪು ಮುಂಚೆಗೆ ಎಳೆದು ತಂದಿರಬಹುದು. ತುಮಕೂರಿನ ಆಸ್ಪತ್ರೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಎಲ್ಲ ಕೋಣೆಗಳಿಗೂ ಇಂಟರ್‌ನೆಟ್ ಹಂಚುವ ಸ್ವಿಚ್‌ನಲ್ಲಿ ಸ್ಕ್ಯಾನ್ ಚಿತ್ರಗಳು ಮೊದಲು ಹೋಗಬೇಕು, ಐಸಿಯುನಿಂದ ಮನೆಯವರಿಗೆ ಮಾಡಿಸುವ ವಿಡಿಯೊ ಕರೆ ಕಡೆಗಿರಲಿ ಎಂದು ಡಾಕ್ಟರು ಹೇಳಿದ್ದರು. ತಪ್ಪೇನಿರಲಿಲ್ಲ. ಸ್ಕ್ಯಾನ್ ತಡವಾದರೆ ಚಿಕಿತ್ಸೆಯೂ ತಡ.

ಆ ದಿನ ಕೆಳಗಿನ ಹಾಲ್‌ನಲ್ಲಿ ಗುಬ್ಬಿಯ ಹೆಂಗಸೊಬ್ಬರು ಮೇಲೆ ಐಸಿಯುನಲ್ಲಿದ್ದ ಗಂಡನ ಮುಖವನ್ನು ಮೊಬೈಲಿನ ವಿಡಿಯೊ ಕರೆಯಲ್ಲಿ ನೋಡುತ್ತಿದ್ದರು. ಆತನಿಗೆ ಮಾತು ನಿಂತಿತ್ತು. "ಊರಿಗ್ ಕರ್ಕೊಂಡೋಗ್ಲಾ? ತಲೆ ಆಡ್ಸಿ ಸಾಕು," ಎಂದರು. ಮುಖ ಅಲ್ಲಾಡಲಿಲ್ಲ.

"ಸ್ವಿಚ್ಚಲ್ಲಿ ಲೋಡ್ ಜಾಸ್ತಿ ಇರ್ಬೇಕಮ್ಮ, ವಿಡಿಯೊ ನಿಂತೋಗಿದೆ," ಎಂದೆ.

ಆಕೆ ತಲೆಯೆತ್ತಿ ಟ್ಯೂಬ್‌ಲೈಟ್ ನೋಡಿದರು. "ಲೈಟ್ ಉರೀತಾನೇ ಐತಲ್ಲಪ್ಪ, ಸ್ವಿಚ್ಗೇನಾಗೈತೆ? ನಿಂತಿರೋದು ವಿಡಿಯೋನೋ, ಅವ್ರೋ, ಅದೇಳು."

ನಾನು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಕರೆ ಕಡಿದುಹೋಗಿತ್ತು. ಉತ್ತರ ಸಿಗದೆ ಆಕೆ ಗಂಡನನ್ನು ಊರಿಗೆ ಕರೆದೊಯ್ಯದೆ ಆಸ್ಪತ್ರೆಯಲ್ಲೇ ಉಳಿಸಿದರು. ಆ ಸಂಜೆ ಆತ ಐಸಿಯುನಲ್ಲೇ ತೀರಿಕೊಂಡರು. ಹೆಂಡತಿಯ ಮಾತು ಅವರಿಗೆ ಕೇಳಿಸಿತೋ, ಕೇಳಿ ತಲೆ ಆಡಿಸಿದ್ದರೋ, ನನಗೆ ಗೊತ್ತಿಲ್ಲ.