ವಿಲಾಯತಿ ಪೇಪರಿನ ಮಾಸ್ತರರು
ಅಕ್ಕಿಆಲೂರಿನ ಉಳಿವೆಪ್ಪ ಮಾಸ್ತರರಿಗೆ ಮನೆಯ ಎಮ್ಮೆ ಈದರೂ ಅದು ಲಂಡನ್ನಿನ ಪೇಪರಿಗೆ ತಕ್ಕ ಸುದ್ದಿಯೋ ಅಲ್ಲವೋ ಎಂಬುದೇ ಚಿಂತೆ. ಸಂಜೆ ಪಡಸಾಲೆಯಲ್ಲಿ ಹುಡುಗರಿಗೆ ಆ ಪೇಪರಿಗೆ ಕಳಿಸುವ ಲೇಖನಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಕಲಿಸುವಾಗ, "ರೊಟ್ಟಿ ಅಂದ್ರ ಏನಂತ ಬಿಡಿಸಿ ಬರೀರಲೇ, ಅಲ್ಲಿ ದೊರೆಸಾನಿ ಓದ್ತಾಳ!" ಎಂದು ಗದರುವರು. ಬೆರಣಿಗೂ ಕುಂಟೆಗೂ ಇಂಗ್ಲಿಷ್ ಹೆಸರು ಹುಡುಕಿಟ್ಟ ಪುಣ್ಯಾತ್ಮರು. ಎಲ್ಲರಿಗಿಂತ ಚೆನ್ನಾಗಿ ಬರೆಯುವ ಗುತ್ತೆಪ್ಪ ಮಾತ್ರ ಊರ ಹೊರಗಿನ ಕೇರಿಯವನೆಂದು ಹೊಸ್ತಿಲಾಚೆ, ಅಂಗಳದಲ್ಲಿ ಕೂತು ಕಲಿಯಬೇಕು. ತನ್ನ ಲೇಖನವೂ ಲಂಡನ್ನಿಗೆ ಹೋದೀತೆಂಬ ಆಸೆಯಿಂದ ಅವನೊಮ್ಮೆ ಕೇಳಿದ: "ಮೈಲಿಗೆ ಅನ್ನೂದಕ್ಕ ಇಂಗ್ಲಿಷಿನ್ಯಾಗ ಏನಂತಾರ್ರಿ, ಮಾಸ್ತರ?" ಮಾಸ್ತರರು, "ಆ ಸಾಲು ತಗದ ಬಿಡೋ, ಅಲ್ಲಿಯವರಿಗೆ ತಿಳಿಯಂಗಿಲ್ಲ" ಎಂದರು. "ನಾ ಬರದದ್ದೆಲ್ಲಾ ಅದರ ಬಗ್ಗೇನ ಐತ್ರಿ" ಎಂದು ಗುತ್ತೆಪ್ಪ ಹಾಳೆ ಮಡಚಿದ.